ಉಸಿರಿನ ಪರೀಕ್ಷೆಯ ಹಿಂದಿನ ದಿನ ರೊಟ್ಟಿ ತಿನ್ನಬಹುದೇ?

ಹಾಲಿನಿಂದ ಹೊಟ್ಟೆ ಉಬ್ಬುತ್ತದೆ, ಬೆಳಗಾವಿಯಲ್ಲಿ ಹೈಡ್ರೋಜನ್ ಉಸಿರಿನ ಪರೀಕ್ಷೆ ಇದೆ, ಹಿಂದಿನ ದಿನ ರೊಟ್ಟಿ ನಡೀತದೇನು ಅಂತ ಕೇಳೀರಿ.

ಬ್ಯಾಡ್ರಿ. ಜೋಳದ ರೊಟ್ಟಿ, ಕಾಳುಪಲ್ಯ, ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಹಾಲು, ಮೊಸರು ಎಲ್ಲ ಬಿಡಿ. ಬಿಳಿ ಅನ್ನ, ಮೊಟ್ಟೆ ಸಾಕು. ಆಮೇಲೆ 8ರಿಂದ 12 ತಾಸು ಬರೀ ನೀರು. ಜೀರ್ಣವಾಗದ ಸಕ್ಕರೆ, ನಾರು ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಹೈಡ್ರೋಜನ್ ಹುಟ್ಟಿಸುತ್ತವೆ. ಅದು ರಕ್ತದಿಂದ ಉಸಿರಿಗೆ ಬರುತ್ತದೆ. ರೊಟ್ಟಿಯ ನಾರು ಉಳಿದಿದ್ದರೆ ಮೊದಲ ಅಂಕಿಯೇ ಏರಿರುತ್ತದೆ, ಮುಂದಿನದನ್ನು ಓದುವುದು ಕಷ್ಟ. ಬೆಳಿಗ್ಗೆ ಬೀಡಿ, ಸಿಗರೇಟೂ ಬೇಡ.

ಸಾಮಾನ್ಯವಾಗಿ 25 ಗ್ರಾಂ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕುಡಿಸಿ ಸುಮಾರು 3 ತಾಸು ಆಗಾಗ ಊದಿಸುತ್ತಾರೆ. ಹೈಡ್ರೋಜನ್ ಮೊದಲಿಗಿಂತ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಏರಿದರೆ ಪಾಸಿಟಿವ್, ಅಂದರೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುತ್ತಿಲ್ಲ. ಯಂತ್ರ ಮೀಥೇನ್ ಎಂಬ ಇನ್ನೊಂದು ಅನಿಲವನ್ನೂ ಅಳೆಯುತ್ತದೆಯೇ ಎಂದು ತಪ್ಪದೇ ಕೇಳಿ: ಕೆಲವರ ಕರುಳಿನಲ್ಲಿ ಹೈಡ್ರೋಜನ್ ಎಲ್ಲ ಮೀಥೇನ್ ಆಗಿಬಿಡುತ್ತದೆ, ತೊಂದರೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರುತ್ತದೆ.

4 ವಾರದೊಳಗೆ ಆ್ಯಂಟಿಬಯೋಟಿಕ್ ತಗೊಂಡಿದ್ದರೆ ವೈದ್ಯರಿಗೆ ಹೇಳಿ ತಾರೀಖು ಮುಂದೂಡಿಸಿ. ಗುಳಿಗೆ ನೀವೇ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ ಅಥವಾ ತೂಕ ಇಳಿಕೆ ಇದ್ದರೆ ಈ ಪರೀಕ್ಷೆಗೆ ಕಾಯದೆ ಮೊದಲು ಹೊಟ್ಟೆಯ ತಜ್ಞರನ್ನು ಕಾಣ್ರಿ.