ಬಿದ್ದ ಮೇಲೆ ಡ್ರೋನಿನ ಒಂದು ಮೋಟಾರ್ ತಿರುಗದೆ ಬರೀ ನಡುಗುತ್ತಿದೆ. ಹೊಸದು ಯಾವುದನ್ನು ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಮೊದಲು ಬ್ಯಾಟರಿ ಬಿಚ್ಚಿಡಿ, ಆಮೇಲೆ ನನ್ನ ಕಥೆ ಓದಿ.

ನನ್ನದೂ ಮರಕ್ಕೆ ಬಡಿದು ಬಿದ್ದಿತ್ತು. ಎತ್ತಿ ನೋಡಿದರೆ ಒಂದು ಪ್ರೊಪೆಲರಿನ ತುದಿ ಮುರಿದದ್ದು ಬಿಟ್ಟರೆ ಎಲ್ಲವೂ ನೆಟ್ಟಗಿತ್ತು. ಅದನ್ನು ಬದಲಿಸಿ ಆನ್ ಮಾಡಿದೆ. ಮೂರು ಮೋಟಾರ್‌ಗಳು ಸುಯ್ಯೆಂದು ತಿರುಗಿದವು. ನಾಲ್ಕನೆಯದು ಚಳಿಜ್ವರ ಬಂದಂತೆ ಗಡಗಡ ನಡುಗಿತು. ಒಳಗೆ ಮಣ್ಣು ಸಿಕ್ಕಿಕೊಂಡಿರಬೇಕು, ಜೋರಾಗಿ ತಿರುಗಿಸಿದರೆ ತಾನೇ ಉದುರುತ್ತದೆ ಎಂದುಕೊಂಡು ಥ್ರಾಟಲ್, ಅಂದರೆ ಮೋಟಾರಿಗೆ ಕೊಡುವ ಶಕ್ತಿ, ಏರಿಸಿದೆ. ಮತ್ತೊಮ್ಮೆ ಏರಿಸಿದೆ. ಮೂರನೆಯ ಸಲ ‘ಟಪ್’ ಎಂದಿತು. ಬೋರ್ಡಿನಿಂದ ಬಿಳಿ ಹೊಗೆಯ ಎಳೆಯೊಂದು ಎದ್ದಿತು.

ನಿಜವಾದ ದೋಷ ಏನಿತ್ತು ಗೊತ್ತೇ? ಮೋಟಾರಿನ ಮೂರು ತಂತಿಗಳಲ್ಲಿ ಒಂದರ ಬೆಸುಗೆ ಬಿಟ್ಟಿತ್ತು. ನೋಡಲು ಕೂತಂತೆಯೇ ಇತ್ತು, ಉಗುರಿನಿಂದ ತಳ್ಳಿದಾಗ ಅಲ್ಲಾಡಿತು. ಐದು ನಿಮಿಷದ ಕೆಲಸ.

ನಾನು ಮಾಡಿದ ತಪ್ಪು ಥ್ರಾಟಲ್ ಏರಿಸಿದ್ದು, ಅದೊಂದೇ. ಇಂಥ ಮೂರು ತಂತಿಯ ಬ್ರಷ್‌ಲೆಸ್ ಮೋಟಾರ್ ತಿರುಗುವಾಗ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟಿಗೆ ಕಡಿವಾಣ ಹಾಕುತ್ತದೆ. ನಿಂತ ಮೋಟಾರಿಗೆ ಆ ಕಡಿವಾಣವಿಲ್ಲ. ಸುರುಳಿಯ ರೋಧ ಒಂದು ಓಮ್ ಕೂಡ ಇರುವುದಿಲ್ಲ. ತುಂಬಿದ ನಾಲ್ಕು ಸೆಲ್ ಲಿಪೋ ಬ್ಯಾಟರಿ 16.8 ವೋಲ್ಟ್ ತಳ್ಳುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್, ಅಂದರೆ ಇಎಸ್‌ಸಿ, ಆ ಎದುರು ವೋಲ್ಟೇಜನ್ನು ನೋಡಿಯೇ ಮುಂದೆ ಯಾವ ತಂತಿಗೆ ಕರೆಂಟ್ ಬಿಡಬೇಕೆಂದು ತೀರ್ಮಾನಿಸುವುದು. ಒಂದು ತಂತಿ ಇಲ್ಲವಾದರೆ ಅದು ಕುರುಡಾಗಿ ಒದೆಯುತ್ತಲೇ ಇರುತ್ತದೆ. ಒದೆತವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಇಎಸ್‌ಸಿಯಲ್ಲಿ ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ, ಅಕ್ಕಿಕಾಳಿನಷ್ಟು ದೊಡ್ಡ ಮಾಸ್‌ಫೆಟ್‌ಗಳು. ನನ್ನದು ನಾಲ್ಕು ಇಎಸ್‌ಸಿಗಳನ್ನೂ ಒಂದೇ ಹಲಗೆಯಲ್ಲಿ ಕೂರಿಸಿದ ಬೋರ್ಡ್, ಹಾಗಾಗಿ ಇಡೀ ಬೋರ್ಡ್ ಹೋಯಿತು. ಸತ್ತಿದೆ ಎಂದುಕೊಂಡಿದ್ದ ಮೋಟಾರ್ ಇಂದಿಗೂ ಹಾರುತ್ತಿದೆ!

ಆದ್ದರಿಂದ ನಡುಗುವ ಮೋಟಾರಿಗೆ ಇನ್ನೊಮ್ಮೆ ಥ್ರಾಟಲ್ ಕೊಡಬೇಡಿ. ಪ್ರೊಪೆಲರ್‌ಗಳನ್ನೆಲ್ಲ ಕಳಚಿ, ನಾಲ್ಕೂ ಮೋಟಾರ್‌ಗಳನ್ನು ಬೆರಳಿನಿಂದ ತಿರುಗಿಸಿ ಹೋಲಿಸಿ. ಕರಕರ ಎಂದರೆ ಅಯಸ್ಕಾಂತಕ್ಕೆ ಕಬ್ಬಿಣದ ಮರಳು ಅಂಟಿರಬಹುದು. ಊದಿದರೆ ಬರುವುದಿಲ್ಲ, ಅಂಟುಪಟ್ಟಿಯ ತುದಿ ತೂರಿಸಿ ಎಳೆಯಿರಿ. ಆಮೇಲೆ ಮೂರು ತಂತಿಗಳನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿ.

ಬೆಸುಗೆ ಗಟ್ಟಿಯಿದ್ದರೆ ತಂತಿಗಳನ್ನು ಬೋರ್ಡಿನಿಂದ ಬಿಡಿಸಿ, ಸಂಪರ್ಕವಿದ್ದರೆ ಬೀಪ್ ಎನ್ನುವ ಸ್ಥಾನಕ್ಕಿಟ್ಟ ಮಲ್ಟಿಮೀಟರ್ ಹಿಡಿಯಿರಿ. ಯಾವ ಎರಡು ತಂತಿಗೆ ಹಿಡಿದರೂ ಅದು ಬೀಪ್ ಎನ್ನಬೇಕು. ಇದನ್ನು ಶಾರ್ಟ್ ಎಂದು ತಿಳಿದು ಒಳ್ಳೆಯ ಮೋಟಾರ್ ಎಸೆದವರನ್ನು ಕಂಡಿದ್ದೇನೆ. ತಂತಿಗೂ ಮೋಟಾರಿನ ಲೋಹದ ಬುಡಕ್ಕೂ ಹಿಡಿದಾಗ ಬೀಪ್ ಎಂದರೆ ಮಾತ್ರ ತೊಂದರೆ. ತಂತಿಗಳು ಒಂದಕ್ಕೊಂದು ತಾಗದೆ ಇರುವಾಗಲೂ ಕೈಯಿಂದ ತಿರುಗಿಸಲು ಉಳಿದವುಗಳಿಗಿಂತ ಭಾರವೆನಿಸಿದರೆ ಸುರುಳಿ ಒಳಗೇ ಶಾರ್ಟ್ ಆಗಿರಬಹುದು. ಅಂಥದ್ದನ್ನು ಒಳ್ಳೆಯ ಇಎಸ್‌ಸಿಗೆ ಜೋಡಿಸಿದರೆ ಅದನ್ನೂ ಸುಡುತ್ತೀರಿ. (ಎರಡೇ ತಂತಿಯ ಪುಟ್ಟ ಆಟಿಕೆ ಡ್ರೋನಾದರೆ ಇಷ್ಟೆಲ್ಲ ಬೇಡ, ಮೋಟಾರ್ ಬದಲಿಸಿಬಿಡಿ.)

ಇದೆಲ್ಲ ದಾಟಿತೆಂದರೆ ಪಕ್ಕದ ಮೋಟಾರಿನೊಂದಿಗೆ ಜಾಗ ಅದಲುಬದಲು ಮಾಡಿ, ಅತಿ ಕಡಿಮೆ ಥ್ರಾಟಲಿನಲ್ಲಿ ಕ್ಷಣಕಾಲ ಪರೀಕ್ಷಿಸಿ. ನಡುಕ ಮೋಟಾರಿನ ಜೊತೆಗೇ ಹೋದರೆ ಆಗ ಕೊಳ್ಳಿ, ನಿಮ್ಮಲ್ಲಿರುವ ಮಾದರಿಯನ್ನೇ ಕೊಳ್ಳಿ. ಹಳೆಯ ಜಾಗದಲ್ಲೇ ಉಳಿದರೆ ಕೆಟ್ಟಿರುವುದು ಬೋರ್ಡ್. ಅಂದ ಹಾಗೆ, ನೀವು ಈಗಾಗಲೇ ಎಷ್ಟು ಸಲ ಥ್ರಾಟಲ್ ಏರಿಸಿದ್ದೀರಿ?