ಗಿಟಾರ್ ಪ್ರಶ್ನೋತ್ತರ: ಬೆರಳು ನೋಯ್ತಿದ್ರೆ ಮೊದಲು ತಂತಿ ಎತ್ತರ ನೋಡಿ

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳಿಗೆ ಬೇಸಿಗೆ ರಜೆಯಲ್ಲಿ ಅಕೌಸ್ಟಿಕ್ ಗಿಟಾರ್ ಕೊಡಿಸಿದೆವು. ಬೆರಳು ನೋವು ಅಂತ ಅಳುತ್ತಾಳೆ. ಮಳೆ ಹಿಡಿದ ಮೇಲೆ ಇನ್ನೂ ಜಾಸ್ತಿ. ‘ಆ್ಯಕ್ಷನ್ ಹೈ ಇದೆ, ನಟ್ ತೋರಿಸಿ’ ಅಂದರು ಟೀಚರು. ನಮಗೆ ಒಂದೂ ತಿಳಿಯಲಿಲ್ಲ. ಅವಳಿಗೆ ಗಿಟಾರ್ ಒಲಿಯಲ್ಲವೇನೋ.
– ಓದುಗರೊಬ್ಬರು, ತೀರ್ಥಹಳ್ಳಿ

ಅಮ್ಮಾ, ದಯವಿಟ್ಟು ಮಗಳಿಗೆ ‘ನಿನಗೆ ಬರಲ್ಲ’ ಅಂತ ಹೇಳಬೇಡಿ. ರಿಪೇರಿಗೆ ನನ್ನ ಹತ್ತಿರ ಬರುವ ಕಡಿಮೆ ಬೆಲೆಯ ಹೊಸ ಗಿಟಾರುಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ತೊಂದರೆ ಇದೇ. ಮೊದಮೊದಲು ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಆದರೆ ಮಗು ಅಳುವಷ್ಟು ನೋವಾದರೆ ಅದು ಗಿಟಾರಿನ ತಪ್ಪು ಇರಬಹುದು.

ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿ. ಕೀಗಳಿರುವ ತಲೆಭಾಗ ಹೆಡ್‌ಸ್ಟಾಕ್. ಅದು ಮುಗಿದು ಕತ್ತು, ಅಂದರೆ ನೆಕ್, ಶುರುವಾಗುವ ಕಡೆ ಒಂದು ಸಣ್ಣ ಬಿಳಿ ಪಟ್ಟಿ ಇದೆ, ಅಲ್ವಾ? ಆರು ಗೀರುಗಳಲ್ಲಿ ಆರು ತಂತಿ ಕೂತಿವೆ. ಅದೇ ನಟ್. ಬೋಲ್ಟಿಗೆ ಹಾಕುವ ನಟ್ ಅಲ್ಲ, ಗಾಬರಿಯಾಗಬೇಡಿ. ನೆಕ್ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಕಡ್ಡಿಗಳು ಫ್ರೆಟ್. ಆ ಕಡೆ ಹೊಟ್ಟೆಯ ಮೇಲೆ ಅಂಟಿಸಿದ ಮರದ ತುಂಡು ಬ್ರಿಜ್. ಅದರ ಸೀಳಿನಲ್ಲಿ ನಿಂತಿರುವ ಬಿಳಿ ಪಟ್ಟಿ ಸ್ಯಾಡಲ್. ತಂತಿ ಈ ಕಡೆ ನಟ್ ಮೇಲೆ, ಆ ಕಡೆ ಸ್ಯಾಡಲ್ ಮೇಲೆ ಕೂತು ನುಡಿಯುತ್ತದೆ. ಫ್ರೆಟ್‌ನಿಂದ ತಂತಿ ಎಷ್ಟು ಮೇಲಿದೆ ಅನ್ನುವುದೇ ಆ್ಯಕ್ಷನ್. ಮೇಲಿದ್ದಷ್ಟೂ ಜಾಸ್ತಿ ಒತ್ತಬೇಕು.

ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತನ್ನಿ. ನಟ್ ಕಡೆಯಿಂದ ಎಣಿಸಿದರೆ 12ನೇ ಫ್ರೆಟ್ ಹತ್ತಿರ ಸಾಮಾನ್ಯವಾಗಿ ಎರಡು ಚುಕ್ಕಿ ಇರುತ್ತವೆ. ಅಲ್ಲಿ ಫ್ರೆಟ್ ನೆತ್ತಿಯಿಂದ ತಂತಿಯ ಅಡಿಗೆ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಇದ್ದರೆ ಆರಾಮ. 4 ಮಿ.ಮೀ. ಇದ್ದರೆ ನಾನೂ ಹೆಚ್ಚು ಹೊತ್ತು ನುಡಿಸಲಾರೆ. ಇನ್ನು ನಟ್. ದಪ್ಪ ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು, 1ನೇ ಫ್ರೆಟ್ ಮೇಲೆ ಬಗ್ಗಿ ನೋಡಿ. ಕೂದಲೆಳೆಯಷ್ಟು ಸಂದು ಸಾಕು. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ನಟ್ ಎತ್ತರ ಇದೆ ಅಂತಲೇ ಅರ್ಥ. ನೆಕ್‌ನ ಈ ತುದಿಯಲ್ಲಿ ನುಡಿಸುವ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಅದರಲ್ಲೂ ಎಫ್, ಜೀವ ತೆಗೆಯುವುದು ಇದಕ್ಕೇ. ಹೊಸಬರು ನುಡಿಸುವುದೆಲ್ಲ ಆ ಮೊದಲ ಮೂರು ಫ್ರೆಟ್‌ಗಳಲ್ಲೇ ಅಲ್ವಾ?

ಸರಿ ಮಾಡುವವರು ಸ್ಯಾಡಲ್ ಹೊರತೆಗೆದು ಅಡಿಯನ್ನು ಉಜ್ಜುತ್ತಾರೆ. 12ನೇ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಬರುವುದರಿಂದ, ಅಲ್ಲಿ 1 ಮಿ.ಮೀ. ಇಳಿಸಲು ಸ್ಯಾಡಲ್‌ನಿಂದ 2 ಮಿ.ಮೀ. ತೆಗೆಯಬೇಕು. ನಟ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಗೀರು ಒಂಚೂರು ಆಳವಾದರೂ ತಂತಿಯನ್ನು ಒತ್ತದೆ ನುಡಿಸಿದಾಗ ಜುಂಯ್ ಅನ್ನುತ್ತದೆ.

ಮಳೆಯ ಸಂಗತಿಯೂ ನಿಜ. ನಿಮ್ಮ ಕಡೆಯ ಥಂಡಿಗೆ ಮರ ನೀರು ಹೀರಿ ಹೊಟ್ಟೆಯ ಹಲಗೆ ಉಬ್ಬುತ್ತದೆ, ಜೊತೆಗೆ ಬ್ರಿಜ್ ಮೇಲೇಳುತ್ತದೆ, ತಂತಿಯೂ ಏರುತ್ತದೆ. ಗೋಡೆಗೆ ಒರಗಿಸಿ ಇಡಬೇಡಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜಿಪ್ ಎಳೆದಿಡಿ. ಎಲ್ಲ ಸರಿಪಡಿಸಿದ ಮೇಲೆ 12ರ ತಂತಿ ಸೆಟ್ ಇದ್ದರೆ 10ರ ಸೆಟ್ ಹಾಕಿಸಿ. ಅಂದರೆ ಎಲ್ಲಕ್ಕಿಂತ ಸಣ್ಣ ತಂತಿಯ ದಪ್ಪ 0.012 ಇಂಚಿನ ಬದಲು 0.010 ಇಂಚು. ದನಿ ಸ್ವಲ್ಪ ತೆಳುವಾಗುತ್ತದೆ, ಆಗಲಿ. ಮಗು ನುಡಿಸುವುದು ಮುಖ್ಯ.

ಪ್ರಶ್ನೆ: ಸರ್, ಆರನೇ ತಂತಿ ಅಂದರೆ ಮೇಲಿನದಾ, ಕೆಳಗಿನದಾ? ಶ್ರುತಿ ಮಾಡಲು ಮೊಬೈಲ್ ಇಲ್ಲದೆ ಆಗಲ್ವಾ?
– ಪಿಯುಸಿ ವಿದ್ಯಾರ್ಥಿ, ವಿಜಯಪುರ

ತಮ್ಮಾ, ಎಣಿಕೆ ಸಣ್ಣ ತಂತಿಯಿಂದ. ಅದು ಒಂದನೆಯದು, ನೆಲದ ಕಡೆಗಿರುತ್ತದೆ. ದಪ್ಪದ್ದು ಆರನೆಯದು, ನಿನ್ನ ಮುಖದ ಕಡೆ. ಆರರಿಂದ ಒಂದಕ್ಕೆ ಬಂದರೆ ಇ, ಎ, ಡಿ, ಜಿ, ಬಿ, ಇ.

ಮೊಬೈಲ್ ಇಲ್ಲದೆಯೂ ಆಗುತ್ತದೆ, ಕಲಿಯಲೇಬೇಕು. ಆರನೇ ತಂತಿಯನ್ನು 5ನೇ ಫ್ರೆಟ್‌ನಲ್ಲಿ ಒತ್ತಿ ಮೀಟು. ಬರುವ ಸ್ವರಕ್ಕೆ ಐದನೇ ತಂತಿಯನ್ನು ಕೂಡಿಸು. ಹೀಗೇ ಮುಂದೆ ಹೋಗು. ಮೂರನೆಯದಕ್ಕೆ ಬಂದಾಗ ಮಾತ್ರ 4ನೇ ಫ್ರೆಟ್ ಒತ್ತಿ ಎರಡನೇ ತಂತಿ ಕೂಡಿಸಬೇಕು. ಆಮೇಲೆ ಮತ್ತೆ 5. ಎರಡು ತಂತಿ ಹತ್ತಿರ ಬಂದಾಗ ‘ವಾಂವ್ ವಾಂವ್’ ಅಂತ ಅಲೆ ಕೇಳುತ್ತದೆ. ಅಲೆ ನಿಧಾನವಾಗುತ್ತಾ ಹೋಗಿ ಪೂರ್ತಿ ನಿಂತರೆ ಕೂಡಿತು ಅಂತ. ಈ ಕಿವಿ ಒಮ್ಮೆ ಬಂದರೆ ಕೊನೆತನಕ ಇರುತ್ತದೆ.

ಪ್ರಶ್ನೆ: ಅಣ್ಣನ ಹಳೆಯ ನೈಲಾನ್ ತಂತಿಯ ಗಿಟಾರ್ ಇದೆ. ಸ್ಟೀಲ್ ತಂತಿ ಹಾಕಬಹುದೇ?
– ಓದುಗರು, ಉಡುಪಿ

ಖಂಡಿತ ಬೇಡ. ನೈಲಾನ್ ತಂತಿಗಳು ಎಲ್ಲ ಸೇರಿ ಎಳೆಯುವುದು ಸುಮಾರು 40 ಕೆ.ಜಿ. ಭಾರದಷ್ಟು. ಸ್ಟೀಲಿನ 12ರ ಸೆಟ್ 70 ಕೆ.ಜಿ. ದಾಟುತ್ತದೆ. ಬ್ರಿಜ್ ಕಿತ್ತು ಬರುತ್ತದೆ, ಇಲ್ಲವೇ ನೆಕ್ ಬಗ್ಗುತ್ತದೆ. ಸ್ಟೀಲ್ ಗಿಟಾರಿನ ನೆಕ್ ಒಳಗೆ ಸಾಮಾನ್ಯವಾಗಿ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳು ಇರುತ್ತದೆ, ಹಳೆಯ ಕ್ಲಾಸಿಕಲ್ ಗಿಟಾರಿನಲ್ಲಿ ಹೆಚ್ಚಾಗಿ ಇರಲ್ಲ. ಬ್ರಿಜ್‌ನಲ್ಲಿ ತಂತಿಯನ್ನು ಗಂಟು ಹಾಕಿದ್ದರೆ, ನೆಕ್ ನಟ್ ಹತ್ತಿರ 5 ಸೆಂ.ಮೀ.ನಷ್ಟು ಅಗಲ ಇದ್ದರೆ ಅದು ಕ್ಲಾಸಿಕಲ್. ನೈಲಾನೇ ಹಾಕಿಸಿ. ಬೆರಳಿಗೆ ಹಿತ, ಹೊಸಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಪ್ರಶ್ನೆ: ವೀಣೆ ಕಲಿತಿದ್ದೇನೆ, ಹಾಡುವುದು ಐದೂವರೆ ಶ್ರುತಿಯಲ್ಲಿ. ನನ್ನ ದನಿಗೆ ಮಗ ಗಿಟಾರ್ ನುಡಿಸಬೇಕಾದರೆ ಎಲ್ಲ ಕಾರ್ಡ್ ಹೊಸದಾಗಿ ಕಲಿಯಬೇಕೇ?
– ಓದುಗರು, ಮೈಸೂರು

ಬೇಡ ಮೇಡಂ, ಕ್ಯಾಪೋ ಕೊಡಿಸಿ. ಆರೂ ತಂತಿಗಳನ್ನು ಒಟ್ಟಿಗೆ ಅಮುಕಿ ಹಿಡಿಯುವ ಕ್ಲಿಪ್ ಅದು. ಎಲ್ಲಿ ಹಾಕುತ್ತೀರೋ ನಟ್ ಅಲ್ಲಿಗೇ ಬಂದಂತೆ. ಒಂದೊಂದು ಫ್ರೆಟ್ ಮುಂದೆ ಹೋದ ಹಾಗೂ ಶ್ರುತಿ ಅರ್ಧರ್ಧ ಮನೆ ಏರುತ್ತದೆ. ನಿಮ್ಮ ಐದೂವರೆ ಅಂದರೆ ಜಿ ಶಾರ್ಪ್. ಮಗ 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ತಾನು ಕಲಿತ ಜಿ, ಸಿ, ಡಿ ಕಾರ್ಡುಗಳನ್ನೇ ಹಿಡಿದರೆ ನಿಮ್ಮ ಷಡ್ಜಕ್ಕೆ ಸರಿಹೋಗುತ್ತದೆ. ನಾಳೆ ಗಂಟಲು ಕಟ್ಟಿ ಐದಕ್ಕೆ ಇಳಿದರೆ ಕ್ಯಾಪೋ ತೆಗೆದರಾಯಿತು. ಹಾಕುವಾಗ ಫ್ರೆಟ್‌ಗೆ ಅಂಟಿದ ಹಾಗೆ, ಅದರ ಹಿಂದೆ ನೇರವಾಗಿ ಕೂರಿಸಲು ಹೇಳಿ. ಹಾಕಿದ ಮೇಲೆ ತಂತಿ ಸ್ವಲ್ಪ ಎಳೆದಂತಾಗುತ್ತದೆ, ಒಂದು ಸಲ ಶ್ರುತಿ ನೋಡಿಕೊಂಡೇ ಶುರು ಮಾಡಿ.