ಹಳೆ ಲಾರಿಗೆ ಹೊಸ ಕ್ಲಚ್: ಎಷ್ಟು ದುಡ್ಡು ಬೇಕು?

ಸೆಕೆಂಡ್ ಹ್ಯಾಂಡ್ ಟಾಟಾ 1109 ನೋಡಿದ್ದೀರಿ, ಕ್ಲಚ್ ಜಾರುತ್ತಿದೆ, ಮಂಗಳೂರಿನಲ್ಲಿ ಬದಲಿಸಲು ಎಷ್ಟಾಗುತ್ತದೆ ಅಂತ ಕೇಳಿದ್ದೀರಿ.

ನನ್ನ ಅಂದಾಜಿನಲ್ಲಿ ಕೂಲಿ ಸೇರಿ 20ರಿಂದ 30 ಸಾವಿರ ರೂಪಾಯಿ ತೆಗೆದಿಡಿ. ಬರೀ ಪ್ಲೇಟ್ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ ಮಾರಾಯ್ರೇ! ಒಮ್ಮೆ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಇಲ್ಲದಿದ್ದರೆ ನಾಳೆ ಬೇರಿಂಗ್ ಕಿರುಗುಟ್ಟಿದಾಗ ಅದೇ ಕೂಲಿ ಮತ್ತೆ ಕೊಡಬೇಕು.

ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಚಕ್ರ) ಮೇಲೆ ಗೆರೆ ಬಿದ್ದಿದ್ದರೆ ಲೇತ್‌ನಲ್ಲಿ ಸಾಪು ಮಾಡಿಸಬೇಕು, ಅದರ ಖರ್ಚು ಬೇರೆ. ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಆಗ ಲೆಕ್ಕವೆಲ್ಲ ತಲೆಕೆಳಗು. ಎಂಜಿನ್ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ನೋಡಿಸಿ. ಆಯಿಲ್ ತಾಗಿದರೆ ಹೊಸ ಪ್ಲೇಟ್ ಕೂಡ ಜಾರುತ್ತದೆ.

ಗಾಡಿ ಶಿರಾಡಿ ಘಾಟಿಯಲ್ಲಿ ಲೋಡ್ ಹೊತ್ತು ಓಡಾಡಿದ್ದಾ ಅಂತಲೂ ವಿಚಾರಿಸಿ. ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್‌ನಲ್ಲೇ, ಅಂದರೆ ಪೆಡಲ್ ಅರ್ಧ ಒತ್ತಿಯೇ, ಗಾಡಿ ನಿಲ್ಲಿಸುವ ಡ್ರೈವರ್ ಕೈಗೆ ಸಿಕ್ಕಿದ್ದರೆ ಫ್ಲೈವೀಲ್ ಕೂಡ ಸುಟ್ಟಿರಬಹುದು. ಈ ಖರ್ಚನ್ನು ಮಾರುವವರ ಮುಂದಿಟ್ಟು, ರೇಟ್ ಇಳಿಸಿಕೊಂಡೇ ಅಡ್ವಾನ್ಸ್ ಕೊಡಿ.